ಕ್ಯಾಮೆರಾದ ಕಿರ್ದಿ: ದೃಶ್ಯ ಸಂಕೋಚನವೂ ಹುಡುಕಾಟದ ಲೆಕ್ಕವೂ

ಶಿವಮೊಗ್ಗ ನಗರದ ಹೊರವಲಯದಲ್ಲಿರುವ ಸೋಗಾನೆಯಲ್ಲಿ ಇಂದು ಕೇಂದ್ರ ಕಾರಾಗೃಹವೂ ಇದೆ, ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವೂ ಇದೆ. 3,200 ಮೀಟರ್ ಉದ್ದದ ಓಡುಪಥವುಳ್ಳ ಈ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡು, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನವನ್ನು ಬರಮಾಡಿಕೊಂಡಿತು. ಒಂದೆಡೆ ಒಳಗಿರುವವರು ಹೊರಹೋಗದಂತೆ ಕಾವಲು. ಇನ್ನೊಂದೆಡೆ ಹೊರಗಿನವರು ಅನುಮತಿಯಿಲ್ಲದೆ ಒಳಬಾರದಂತೆ ಕಾವಲು. ಇಂತಹ ಸ್ಥಳಗಳಲ್ಲಿ ಕ್ಯಾಮೆರಾದ ಪರದೆಯನ್ನು ನೋಡುತ್ತಿರುವುದಕ್ಕೆಂದೇ ಸಿಬ್ಬಂದಿ ನೇಮಕಗೊಂಡಿರುತ್ತಾರೆ.

ವರ್ತಕರ ಮತ್ತು ಸಣ್ಣ ಉದ್ಯಮಿಗಳ ಸ್ಥಿತಿ ಹಾಗಲ್ಲ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಾಗಲಿ, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಎರಕದ ಘಟಕದಲ್ಲಾಗಲಿ, ಭದ್ರಾವತಿಯ ಯಂತ್ರೋಪಕರಣಗಳ ಅಂಗಡಿಯಲ್ಲಾಗಲಿ ನಾಲ್ಕಾರು ಕ್ಯಾಮೆರಾಗಳು ಗೋಡೆಯ ಮೇಲಿರುತ್ತವೆ. ಅವುಗಳನ್ನು ನೋಡುವವರು ಯಾರೂ ಇರುವುದಿಲ್ಲ. ಸರಕು ಕಡಿಮೆಯಾದಾಗ, ಹಣ ತಾಳೆಯಾಗದಿದ್ದಾಗ, ಅಪಘಾತ ಸಂಭವಿಸಿದಾಗ ಮಾತ್ರ ಆ ದಾಖಲೆಯ ನೆನಪಾಗುತ್ತದೆ. ಆಗ ಏಳುವ ಪ್ರಶ್ನೆ, ದೃಶ್ಯ ಉಳಿದಿದೆಯೇ ಎಂಬುದೊಂದೇ ಅಲ್ಲ; ಉಳಿದಿರುವ ನೂರಾರು ಗಂಟೆಗಳಲ್ಲಿ ಬೇಕಾದ ಒಂದು ನಿಮಿಷ ಸಿಗುತ್ತದೆಯೇ ಎಂಬುದೂ ಹೌದು. ಖರೀದಿಯ ಸಮಯದಲ್ಲಿ ಮೊದಲನೆಯ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ; ಎರಡನೆಯದನ್ನು ಕೇಳುವವರು ವಿರಳ. ಈ ಎರಡಕ್ಕೂ ಉತ್ತರ ನೀಡುವ ತಂತ್ರ ಒಂದೇ. ಅದು ದೃಶ್ಯ ಸಂಕೋಚನ.

ಒಂದು ಊಹಿತ ಉದಾಹರಣೆ

ಎಂಟು ಕ್ಯಾಮೆರಾಗಳಿರುವ ಒಂದು ಅಡಿಕೆ ಮಂಡಿಯನ್ನು ಊಹಿಸಿಕೊಳ್ಳಬಹುದು. ಇಪ್ಪತ್ತು ದಿನಗಳ ನಂತರ ದಾಸ್ತಾನು ಎಣಿಸಿದಾಗ ರಾಶಿ ಅಡಿಕೆಯ ಮೂರು ಚೀಲ ಕಡಿಮೆ ಬರುತ್ತವೆ. ಗೋದಾಮಿನ ಬೀಗದ ಕೈ ಹಲವು ವರ್ಷಗಳಿಂದ ದುಡಿಯುತ್ತಿರುವ ಹಮಾಲಿಯೊಬ್ಬನ ಬಳಿ ಇತ್ತು. ಸಹಜವಾಗಿಯೇ ಅನುಮಾನ ಅವನ ಮೇಲೆ. ಗೋದಾಮಿನ ಒಂದೇ ಕ್ಯಾಮೆರಾದ ಇಪ್ಪತ್ತು ದಿನಗಳ ದಾಖಲೆ 480 ಗಂಟೆ. ಹದಿನಾರು ಪಟ್ಟು ವೇಗದಲ್ಲಿ ಓಡಿಸಿದರೂ 30 ಗಂಟೆ ಬೇಕು. ವ್ಯಾಪಾರದ ನಡುವೆ ಅಷ್ಟು ಹೊತ್ತು ಪರದೆಯ ಮುಂದೆ ಕೂರುವವರಾರು? ಮೂವತ್ತು ದಿನ ಕಳೆಯುತ್ತಿದ್ದಂತೆ ಹಳೆಯ ದೃಶ್ಯದ ಮೇಲೆ ಹೊಸದು ಮುದ್ರಿತವಾಗತೊಡಗುತ್ತದೆ. ಕೊನೆಗೆ ದಾಖಲೆಯನ್ನು ನೋಡದೆಯೇ ತೀರ್ಮಾನವಾಗುತ್ತದೆ: ಹಮಾಲಿಗೆ ಲೆಕ್ಕ ಚುಕ್ತಾ. ಅವನು ತಪ್ಪಿತಸ್ಥನೋ ಅಲ್ಲವೋ ಎಂಬುದು ಡಿಸ್ಕಿನೊಳಗೇ ಇತ್ತು, ಹೊರಬರಲಿಲ್ಲ, ಅಷ್ಟೇ.

ಹಣ ಹೂಡಿ ಸಂಗ್ರಹಿಸಿದ ದಾಖಲೆ ಬೇಕಾದಾಗ ಕೈಗೆ ಸಿಗದಿದ್ದರೆ ಅದು ಆಸ್ತಿಯಲ್ಲ, ಬರಿಯ ವೆಚ್ಚ. ಇದನ್ನು ತಪ್ಪಿಸಲು ಸಂಕೋಚನದ ಒಳಗುಟ್ಟನ್ನು ಸ್ವಲ್ಪಮಟ್ಟಿಗಾದರೂ ತಿಳಿಯುವುದು ಅಗತ್ಯ.

ಸಂಕೋಚನ ಏಕೆ ಅನಿವಾರ್ಯ?

ಸಾಮಾನ್ಯ ಪೂರ್ಣ ಎಚ್‌ಡಿ ಕ್ಯಾಮೆರಾ ಸೆರೆಹಿಡಿಯುವ ಪ್ರತಿಯೊಂದು ಬಿಡಿ ಚಿತ್ರದಲ್ಲಿ, ಅಂದರೆ ಫ್ರೇಮ್‌ನಲ್ಲಿ, 1920 ಅಡ್ಡ ಮತ್ತು 1080 ಲಂಬ ಬಿಂದುಗಳಿರುತ್ತವೆ. ಒಟ್ಟು 20 ಲಕ್ಷಕ್ಕೂ ಹೆಚ್ಚು. ಒಂದು ಬಿಂದುವಿನ ಬಣ್ಣಕ್ಕೆ ಮೂರು ಬೈಟ್‌ಗಳಂತೆ, ಸೆಕೆಂಡಿಗೆ 25 ಫ್ರೇಮ್‌ಗಳಂತೆ ಲೆಕ್ಕ ಹಾಕಿದರೆ, ಸಂಕೋಚನವಿಲ್ಲದೆ ಒಂದು ಕ್ಯಾಮೆರಾದ ಒಂದು ದಿನದ ದಾಖಲೆಗೆ ಸುಮಾರು 13 ಟೆರಾಬೈಟ್ ಸ್ಥಳ ಬೇಕು. ಅದೇ ದೃಶ್ಯವನ್ನು ಸೆಕೆಂಡಿಗೆ 2 ಮೆಗಾಬಿಟ್‌ಗೆ ಸಂಕೋಚಿಸಿದರೆ ದಿನಕ್ಕೆ 21.6 ಗಿಗಾಬೈಟ್ ಸಾಕು. ಎಂಟು ಕ್ಯಾಮೆರಾಗಳ ಮೂವತ್ತು ದಿನಗಳ ದಾಖಲೆ ಆಗ 5.2 ಟೆರಾಬೈಟ್‌ನಷ್ಟಾಗಿ, 6 ಟೆರಾಬೈಟ್‌ನ ಒಂದು ಡಿಸ್ಕಿನಲ್ಲಿ ಅಡಗುತ್ತದೆ. ಅಂದರೆ ಮೂಲ ಗಾತ್ರದ ಆರುನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಈ ಪವಾಡಸದೃಶ ಇಳಿಕೆಯ ತಳಹದಿಯಲ್ಲಿ ಕನ್ನಡ ನಾಡಿನ ಪಾಲೂ ಇದೆ. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಸರ್ ಎಂ. ವಿಶ್ವೇಶ್ವರಯ್ಯನವರು ಸ್ಥಾಪಿಸಿದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದ ನಾಸಿರ್ ಅಹ್ಮದ್ ಅವರು ಮುಂದೆ ಅಮೆರಿಕೆಯಲ್ಲಿ ಪ್ರಾಧ್ಯಾಪಕರಾದರು. ಚಿತ್ರವನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ, ಕಣ್ಣಿಗೆ ಮುಖ್ಯವಾದ ಅಂಶಗಳನ್ನು ಮಾತ್ರ ಉಳಿಸಿಕೊಳ್ಳಲು ನೆರವಾಗುವ ಗಣಿತ ವಿಧಾನವೊಂದನ್ನು ಅವರು 1972ರಲ್ಲಿ ಯೋಜಿಸಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಧನಸಹಾಯ ಕೋರಿದಾಗ ಆ ಕೋರಿಕೆ ತಿರಸ್ಕೃತವಾಯಿತು. ಆದರೂ ಕೆಲಸ ನಿಲ್ಲಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ ಅವರು 1974ರ ಜನವರಿಯಲ್ಲಿ ಪ್ರಕಟಿಸಿದ ಪ್ರಬಂಧದಿಂದ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಜಗತ್ತಿಗೆ ಪರಿಚಯವಾಯಿತು. ಜೆಪೆಗ್ ಛಾಯಾಚಿತ್ರ, ಡಿವಿಡಿ, ಇಂದಿನ ಅಂಗಡಿ ಕ್ಯಾಮೆರಾ ಎಲ್ಲದರ ಒಳಗೂ ಅದರ ಒಂದಲ್ಲ ಒಂದು ರೂಪವಿದೆ. ಭದ್ರಾವತಿಯ ಉಕ್ಕಿನ ಕಾರ್ಖಾನೆಗೆ ಯಾರ ಹೆಸರಿದೆಯೋ ಅವರೇ ಕಟ್ಟಿದ ಕಾಲೇಜಿನ ವಿದ್ಯಾರ್ಥಿಯೊಬ್ಬರ ವಿಧಾನ ಭದ್ರಾವತಿಯ ಅಂಗಡಿಗಳ ಕ್ಯಾಮೆರಾಗಳಲ್ಲಿ ಕೆಲಸ ಮಾಡುತ್ತಿರುವುದು ಹೆಮ್ಮೆಯ ಸಂಗತಿ.

ಶಿಲ್ಕು ಮತ್ತು ನಮೂದು

ಬಿಡಿ ಚಿತ್ರವನ್ನು ಕುಗ್ಗಿಸುವುದು ಮೊದಲ ಹಂತ. ಎರಡನೆಯ ಹಂತದಲ್ಲಿ ಕಾಲದ ಉಳಿತಾಯ ಬರುತ್ತದೆ. ರಾತ್ರಿ ಮುಚ್ಚಿದ ಗೋದಾಮಿನಲ್ಲಿ ಒಂದು ಫ್ರೇಮ್‌ಗೂ ಮುಂದಿನ ಫ್ರೇಮ್‌ಗೂ ವ್ಯತ್ಯಾಸವೇ ಇರುವುದಿಲ್ಲ. ಆದ್ದರಿಂದ ಯಂತ್ರವು ಮೊದಲು ಒಂದು ಚಿತ್ರವನ್ನು ಪೂರ್ಣವಾಗಿ ಬರೆದುಕೊಂಡು, ಅನಂತರದ ಚಿತ್ರಗಳಲ್ಲಿ ಬದಲಾದ ಭಾಗವನ್ನಷ್ಟೇ ಬರೆಯುತ್ತದೆ. ಪೂರ್ಣ ಚಿತ್ರಕ್ಕೆ ಐ-ಫ್ರೇಮ್ ಎಂದೂ, ಹಿಂದಿನ ಚಿತ್ರವನ್ನು ಆಧರಿಸಿ ಬದಲಾವಣೆಯನ್ನು ಮಾತ್ರ ಹೇಳುವ ಚಿತ್ರಕ್ಕೆ ಪಿ-ಫ್ರೇಮ್ ಎಂದೂ ಹೆಸರು.

ಲೆಕ್ಕಪತ್ರ ಬಲ್ಲವರಿಗೆ ಇದು ಅಪರಿಚಿತ ಪದ್ಧತಿಯಲ್ಲ. ಐ-ಫ್ರೇಮ್ ಎಂದರೆ ಪುಟದ ಮೇಲೆ ಬರೆದ ಶಿಲ್ಕು. ಪಿ-ಫ್ರೇಮ್‌ಗಳು ಕಿರ್ದಿಯ ಜಮಾ-ಖರ್ಚಿನ ನಮೂದುಗಳು. ಏಪ್ರಿಲ್ 1ರ ಆರಂಭ ಶಿಲ್ಕನ್ನು ಮಾತ್ರ ಬರೆದು, ಇಡೀ ವರ್ಷ ಬರಿಯ ನಮೂದುಗಳನ್ನೇ ಮಾಡುತ್ತ ಹೋದರೆ ಪುಸ್ತಕದ ಪುಟಗಳು ಉಳಿಯುತ್ತವೆ, ನಿಜ. ಆದರೆ ನವೆಂಬರ್ 12ರಂದು ಕೈಯಲ್ಲಿದ್ದ ನಗದು ಎಷ್ಟೆಂದು ಯಾರಾದರೂ ಕೇಳಿದರೆ ಏಳು ತಿಂಗಳ ನಮೂದುಗಳನ್ನೆಲ್ಲ ಕೂಡಿ ಕಳೆಯಬೇಕಾಗುತ್ತದೆ. ಪ್ರತಿ ತಿಂಗಳ ಕೊನೆಗೆ ಶಿಲ್ಕು ತೆಗೆದಿದ್ದರೆ ಹನ್ನೆರಡು ದಿನಗಳ ಲೆಕ್ಕ ಸಾಕು. ಪ್ರತಿದಿನ ತೆಗೆದಿದ್ದರೆ ಪುಟ ತಿರುವಿದರೆ ಸಾಕು.

ದೃಶ್ಯದಲ್ಲೂ ಹೀಗೆಯೇ. ಬಳಕೆದಾರನು ಮಧ್ಯಾಹ್ನ 3 ಗಂಟೆ 10 ನಿಮಿಷದ ದೃಶ್ಯ ಬೇಕೆಂದಾಗ ಯಂತ್ರವು ಆ ಕ್ಷಣಕ್ಕೆ ನೇರವಾಗಿ ಹೋಗಲಾರದು. ಅದಕ್ಕೆ ಹಿಂದಿನ ಐ-ಫ್ರೇಮ್‌ಗೆ ಹೋಗಿ, ಅಲ್ಲಿಂದ ನಮೂದುಗಳನ್ನು ಕೂಡುತ್ತ ಬರಬೇಕು. ವೇಗವಾಗಿ ಮುಂದೋಡಿಸುವಾಗ ಅನೇಕ ಯಂತ್ರಗಳು ಐ-ಫ್ರೇಮ್‌ಗಳನ್ನು ಮಾತ್ರ ತೋರಿಸುತ್ತವೆ. ಡಿವಿಡಿಯನ್ನು ರೂಪಿಸಿದವರು ಇದನ್ನರಿತೇ ಸುಮಾರು ಅರ್ಧ ಸೆಕೆಂಡಿಗೊಂದು ಐ-ಫ್ರೇಮ್ ಇರಿಸುವ ನಿಯಮ ಮಾಡಿದ್ದರು. ಚಲನಚಿತ್ರದ ಬೇಕಾದ ಹಾಡಿಗೆ ತಟ್ಟನೆ ಹಾರಲು ಸಾಧ್ಯವಾದದ್ದು ಅದರಿಂದಲೇ. ಇದಕ್ಕೂ ಮುಂದೆ ಹೋಗಿ, ಪ್ರತಿಯೊಂದು ಫ್ರೇಮನ್ನೂ ಪೂರ್ಣ ಚಿತ್ರವಾಗಿಯೇ ಬರೆಯುವ ಮೋಷನ್ ಜೆಪೆಗ್ ಎಂಬ ವಿಧಾನವೂ ಇದೆ. ಅದರಲ್ಲಿ ಹುಡುಕಾಟ ಅತಿ ಸುಲಭ, ಸ್ಥಳದ ವೆಚ್ಚ ಅತಿ ಹೆಚ್ಚು.

ಶೇಕಡಾ 14ರ ಪ್ರಶ್ನೆ

ಹಾಗಾದರೆ ಶಿಲ್ಕನ್ನು ಎಷ್ಟು ಹೊತ್ತಿಗೊಮ್ಮೆ ತೆಗೆಯಬೇಕು? ವ್ಯವಹಾರಸ್ಥರು ಗಮನಿಸಬೇಕಾದ ಮುಖ್ಯ ವಿಷಯ ಇದು. ಲೆಕ್ಕಕ್ಕಾಗಿ ಒಂದು ಐ-ಫ್ರೇಮ್‌ಗೆ 60 ಕಿಲೋಬೈಟ್, ಒಂದು ಪಿ-ಫ್ರೇಮ್‌ಗೆ 6 ಕಿಲೋಬೈಟ್ ಎಂದಿಟ್ಟುಕೊಳ್ಳಬಹುದು. ಸೆಕೆಂಡಿಗೆ 25 ಫ್ರೇಮ್‌ಗಳಿರುವಲ್ಲಿ ಹತ್ತು ಸೆಕೆಂಡಿಗೊಂದು ಐ-ಫ್ರೇಮ್ ಇರಿಸಿದರೆ ಸೆಕೆಂಡಿಗೆ ಸರಾಸರಿ 155 ಕಿಲೋಬೈಟ್ ಬೀಳುತ್ತದೆ. ಎರಡು ಸೆಕೆಂಡಿಗೊಂದು ಇರಿಸಿದರೆ 177 ಕಿಲೋಬೈಟ್. ವ್ಯತ್ಯಾಸ ಸುಮಾರು ಶೇಕಡಾ 14. ಒಂದು ಸೆಕೆಂಡಿಗೊಂದು ಇರಿಸಿದರೆ 204 ಕಿಲೋಬೈಟ್; ಮತ್ತೆ ಶೇಕಡಾ 15ರಷ್ಟು ಏರಿಕೆ.

ಈ ಶೇಕಡಾ 14ಕ್ಕೆ ಪ್ರತಿಫಲವೇನು? ನಗದು ಕಟ್ಟೆಯ ಮೇಲಿನ ಚೀಲವೊಂದನ್ನು ಎತ್ತಿಕೊಂಡು ಹೋಗಲು ಆರು ಸೆಕೆಂಡು ಸಾಕು. ಹತ್ತು ಸೆಕೆಂಡಿಗೊಂದು ಐ-ಫ್ರೇಮ್ ಇರುವ ದಾಖಲೆಯನ್ನು ವೇಗವಾಗಿ ಓಡಿಸಿದರೆ ಆ ಆರು ಸೆಕೆಂಡುಗಳು ಎರಡು ಐ-ಫ್ರೇಮ್‌ಗಳ ನಡುವೆ ಸಂಪೂರ್ಣ ಮರೆಯಾಗಬಹುದು. ನೋಡುವವನು ಎಷ್ಟೇ ಎಚ್ಚರದಿಂದಿದ್ದರೂ ಪರದೆಯ ಮೇಲೆ ಆ ಮನುಷ್ಯನೇ ಕಾಣಿಸುವುದಿಲ್ಲ. ಎರಡು ಸೆಕೆಂಡಿಗೊಂದು ಇದ್ದರೆ ಅವನು ಮೂರು ಚಿತ್ರಗಳಲ್ಲಾದರೂ ಸಿಕ್ಕಿಬೀಳುತ್ತಾನೆ. ಇನ್ನೊಂದು ಅಪಾಯವೂ ಉಂಟು: ಡಿಸ್ಕಿನ ದೋಷದಿಂದ ಒಂದು ಐ-ಫ್ರೇಮ್ ಹಾಳಾದರೆ ಮುಂದಿನ ಐ-ಫ್ರೇಮ್ ಬರುವವರೆಗಿನ ದೃಶ್ಯವೆಲ್ಲ ಕಲಸಿಹೋಗುತ್ತದೆ. ಅಂತರ ಹೆಚ್ಚಿದಷ್ಟೂ ನಷ್ಟ ಹೆಚ್ಚು.

ಆದರೆ ಮಾರುಕಟ್ಟೆಯ ಒತ್ತಡ ಇದಕ್ಕೆ ವಿರುದ್ಧ ದಿಕ್ಕಿನಲ್ಲಿದೆ. 2003ರಲ್ಲಿ ಅಂಗೀಕೃತವಾದ ಎಚ್.264 ಮಾನಕ, ಅದರ ಅರ್ಧದಷ್ಟು ಸ್ಥಳದಲ್ಲಿ ಸರಿಸುಮಾರು ಅದೇ ಗುಣಮಟ್ಟ ನೀಡುವ ಉದ್ದೇಶದಿಂದ 2013ರಲ್ಲಿ ಬಂದ ಎಚ್.265, 2020ರ ಎಚ್.266, ಇವೆಲ್ಲ ಉತ್ತಮ ಗಣಿತದಿಂದ ಉಳಿತಾಯ ಸಾಧಿಸುವಂಥವು. ಇವುಗಳ ಜೊತೆಗೆ ‘ಸ್ಮಾರ್ಟ್’ ಸಂಕೋಚನ ಎಂಬ ಹೆಸರಿನಲ್ಲಿ ಬರುವ ಸೌಲಭ್ಯಗಳಲ್ಲಿ ಕೆಲವು, ದೃಶ್ಯ ನಿಶ್ಚಲವಾಗಿರುವಾಗ ಐ-ಫ್ರೇಮ್‌ಗಳ ಅಂತರವನ್ನೇ ಹಿಗ್ಗಿಸಿ ಸ್ಥಳ ಉಳಿಸುತ್ತವೆ. ಡಬ್ಬದ ಮೇಲೆ ಉಳಿತಾಯದ ಶೇಕಡಾವಾರು ದೊಡ್ಡಕ್ಷರದಲ್ಲಿರುತ್ತದೆ. ಹುಡುಕಾಟದ ಮೇಲಾಗುವ ಪರಿಣಾಮವನ್ನು ಗ್ರಾಹಕನೇ ಕೇಳಿ ತಿಳಿಯಬೇಕು.

ಎಲ್ಲ ಕ್ಯಾಮೆರಾಗಳಿಗೂ ಒಂದೇ ಅಳತೆ ಸಲ್ಲದು. ನಗದು ಕಟ್ಟೆ ಮತ್ತು ತೂಕದ ಯಂತ್ರದ ಮೇಲಿನ ಕ್ಯಾಮೆರಾಕ್ಕೆ ಒಂದು ಸೆಕೆಂಡು, ಬಾಗಿಲು ಮತ್ತು ಲಾರಿ ನಿಲ್ಲುವ ಅಂಗಳಕ್ಕೆ ಎರಡು ಸೆಕೆಂಡು, ಚೀಲ ಪೇರಿಸಿಟ್ಟ ಗೋದಾಮಿಗೆ ನಾಲ್ಕೈದು ಸೆಕೆಂಡು ಎಂದು ಅಳವಡಿಸಿಕೊಂಡರೆ ಸ್ಥಳವೂ ಉಳಿಯುತ್ತದೆ, ಕೆಲಸವೂ ಆಗುತ್ತದೆ.

ಹುಡುಕುವ ಮೂರು ಮಾರ್ಗಗಳು

ಮೊದಲನೆಯದು ಅರ್ಧಿಸುವ ಮಾರ್ಗ. ಇದಕ್ಕೆ ಯಾವ ವಿಶೇಷ ತಂತ್ರಾಂಶವೂ ಬೇಡ. ಮೇಲಿನ ಉದಾಹರಣೆಯಲ್ಲಿ ಮೊದಲ ದಿನ ಚೀಲಗಳಿದ್ದವು, ಇಪ್ಪತ್ತನೆಯ ದಿನ ಇರಲಿಲ್ಲ. ಹತ್ತನೆಯ ದಿನಕ್ಕೆ ಹೋಗಿ ನೋಡಬೇಕು. ಚೀಲಗಳು ಇದ್ದರೆ ಕಳವು ಅನಂತರದ್ದು, ಇಲ್ಲದಿದ್ದರೆ ಅದಕ್ಕೂ ಹಿಂದಿನದು. ಉಳಿದ ಅವಧಿಯನ್ನು ಮತ್ತೆ ಅರ್ಧ ಮಾಡಬೇಕು. ಇಪ್ಪತ್ತು ದಿನಗಳಲ್ಲಿ 28,800 ನಿಮಿಷಗಳಿವೆ. ಹೀಗೆ ಹದಿನೈದು ಬಾರಿ ಅರ್ಧಿಸಿದರೆ ಘಟನೆ ನಡೆದ ನಿಮಿಷವೇ ಕೈಗೆ ಸಿಗುತ್ತದೆ. ಮೂವತ್ತು ಗಂಟೆಗಳ ಕೆಲಸ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಕಣ್ಮರೆಯಾದ ವಸ್ತು ಮರಳಿ ಬಾರದಿರುವಲ್ಲಿ ಮತ್ತು ಅದು ಕ್ಯಾಮೆರಾಕ್ಕೆ ಕಾಣುವಂತಿದ್ದಲ್ಲಿ ಮಾತ್ರ ಈ ಮಾರ್ಗ ಫಲಿಸುತ್ತದೆ. ಚೀಲಗಳ ಸಾಲು ಕ್ಯಾಮೆರಾಕ್ಕೆ ಮರೆಯಾಗದಂತೆ ಪೇರಿಸುವುದು ಆದ್ದರಿಂದ ಭದ್ರತೆಯ ಭಾಗವೇ ಸರಿ.

ಎರಡನೆಯದು ಚಲನೆಯ ಸೂಚಿ. ಬಂದು ಹೋದ ವಾಹನ, ಕ್ಷಣಮಾತ್ರ ತೆರೆದ ಬಾಗಿಲು ಇವುಗಳಿಗೆ ಅರ್ಧಿಸುವ ಮಾರ್ಗ ಒಲಿಯದು. ಇಲ್ಲಿ ಸಂಕೋಚನವೇ ನೆರವಿಗೆ ಬರುತ್ತದೆ. ಏನೂ ನಡೆಯದಿದ್ದಾಗ ಪಿ-ಫ್ರೇಮ್ ಚಿಕ್ಕದು. ಯಾರಾದರೂ ಒಳಬಂದರೆ ಬದಲಾವಣೆ ಹೆಚ್ಚಿ ಪಿ-ಫ್ರೇಮ್ ಉಬ್ಬುತ್ತದೆ. ಯಾವ ಭಾಗ ಯಾವ ಕಡೆಗೆ ಸರಿಯಿತೆಂಬ ವಿವರವೂ ಅದರಲ್ಲಿ ದಾಖಲಾಗಿರುತ್ತದೆ. ಕಿರ್ದಿಯಲ್ಲಿ ದೊಡ್ಡ ಮೊತ್ತಗಳತ್ತ ಲೆಕ್ಕ ಪರಿಶೋಧಕನ ಕಣ್ಣು ಮೊದಲು ಹೋಗುವಂತೆ, ಚಿತ್ರವನ್ನು ಪೂರ್ಣ ಬಿಡಿಸದೆಯೇ ಈ ಉಬ್ಬಿದ ನಮೂದುಗಳನ್ನು ಯಂತ್ರ ಗುರುತಿಸಬಲ್ಲದು. ಇಂದಿನ ಬಹುತೇಕ ರೆಕಾರ್ಡರ್‌ಗಳಲ್ಲಿ ಚಲನೆಯ ಕ್ಷಣಗಳನ್ನು ಕಾಲರೇಖೆಯ ಮೇಲೆ ಬೇರೆ ಬಣ್ಣದಲ್ಲಿ ತೋರಿಸುವ ವ್ಯವಸ್ಥೆಯಿದೆ. ಚಿತ್ರದ ಒಂದು ಮೂಲೆಯನ್ನು ಮಾತ್ರ ಗುರುತಿಸಿ ಅಲ್ಲಿನ ಚಲನೆಯನ್ನು ಹುಡುಕುವ ಸೌಲಭ್ಯ ಕೆಲವದರಲ್ಲಿದೆ. ಆದರೆ ಈ ಸೂಚಿಯನ್ನು ದಾಖಲೆಯ ಸಮಯದಲ್ಲೇ ಸಿದ್ಧಪಡಿಸಬೇಕಾದ ಯಂತ್ರಗಳೇ ಹೆಚ್ಚು; ಅಳವಡಿಸುವ ದಿನವೇ ಅದನ್ನು ಚಾಲೂ ಮಾಡದಿದ್ದರೆ ಕಳವಾದ ಮೇಲೆ ಪ್ರಯೋಜನವಿಲ್ಲ.

ಮೂರನೆಯದು ದೃಶ್ಯ ಸಾರಾಂಶ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಶ್ಮುಯೆಲ್ ಪೆಲೆಗ್ ಮತ್ತು ಸಂಗಡಿಗರು 2006ರಲ್ಲಿ ಮಂಡಿಸಿದ ಈ ವಿಧಾನದಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಓಡಾಡಿದ ವ್ಯಕ್ತಿಗಳನ್ನು ಮತ್ತು ವಾಹನಗಳನ್ನು ಒಂದೇ ಹಿನ್ನೆಲೆಯ ಮೇಲೆ ಒಟ್ಟಾಗಿ ತೋರಿಸಿ, ದೀರ್ಘ ದಾಖಲೆಯನ್ನು ಕೆಲವೇ ನಿಮಿಷಗಳಿಗೆ ಇಳಿಸಲಾಗುತ್ತದೆ. ಬೇಕಾದ ಆಕೃತಿಯನ್ನು ಆರಿಸಿದರೆ ಮೂಲ ದಾಖಲೆಯ ಆ ಕ್ಷಣಕ್ಕೆ ಹೋಗಬಹುದು. ಅದೇ ಸಂಶೋಧನೆಯಿಂದ 2008ರಲ್ಲಿ ಹುಟ್ಟಿದ ಬ್ರೀಫ್‌ಕ್ಯಾಮ್ ಸಂಸ್ಥೆಯನ್ನು 2018ರಲ್ಲಿ ಕ್ಯಾನನ್ ಕೊಂಡುಕೊಂಡಿತು. ನೂರಾರು ಕ್ಯಾಮೆರಾಗಳುಳ್ಳ ಸಂಸ್ಥೆಗಳಿಗೆ ಇದು ಸೂಕ್ತ. ಎಂಟು ಕ್ಯಾಮೆರಾಗಳ ಮಂಡಿಗೆ ಮೊದಲೆರಡು ಮಾರ್ಗಗಳೇ ಧಾರಾಳ.

ಕಾನೂನಿನ ಕಣ್ಣಿನಲ್ಲಿ

ದೃಶ್ಯ ದಾಖಲೆ ಇಂದು ಐಚ್ಛಿಕ ವಿಷಯವಾಗಿ ಉಳಿದಿಲ್ಲ. ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಅಧಿನಿಯಮ, 2017ರ ಪ್ರಕಾರ ಏಕಕಾಲಕ್ಕೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸಂಭವವಿರುವ ವಾಣಿಜ್ಯ ಮತ್ತಿತರ ಸ್ಥಳಗಳಲ್ಲಿ ಕ್ಯಾಮೆರಾ ಅಳವಡಿಸಿ 30 ದಿನಗಳ ದಾಖಲೆ ಕಾಯ್ದಿಡಬೇಕು. ಪೊಲೀಸ್ ಇನ್‌ಸ್ಪೆಕ್ಟರ್ ಕೇಳಿದಾಗ ಒದಗಿಸಬೇಕು. ಕೇಳಿದ ಭಾಗವನ್ನು ಹುಡುಕಿಕೊಡಲಾಗದ ಮಾಲೀಕನು ದಾಖಲೆ ಇದ್ದೂ ಪೇಚಿಗೆ ಸಿಲುಕುತ್ತಾನೆ.

ನ್ಯಾಯಾಲಯದ ಮಾತು ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಜೊತೆ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಅದರ ಒಂದು ಭಾಗವನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಕಡತದ ಹ್ಯಾಷ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಷ್ ಎಂದರೆ ಕಡತದ ಬೆರಳಚ್ಚಿನಂತಹ ಸಂಖ್ಯೆ. ಒಂದು ಬಿಟ್ ಬದಲಾದರೂ ಅದು ಬದಲಾಗುತ್ತದೆ. ದೃಶ್ಯವನ್ನು ಮೊಬೈಲಿನಲ್ಲಿ ಕಳಿಸಲು ಮತ್ತೊಮ್ಮೆ ಸಂಕೋಚಿಸಿದರೆ ಅದು ಬೇರೆಯೇ ಕಡತ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಮೂಲವನ್ನು ಅಳಿಸಿಹೋಗಲು ಬಿಡುವುದು, ಚೆಕ್ಕಿನ ಛಾಯಾಪ್ರತಿ ಇಟ್ಟುಕೊಂಡು ಚೆಕ್ಕನ್ನು ಹರಿದಂತೆ.

ಖರೀದಿಗೆ ಮುನ್ನ, ಖರೀದಿಯ ನಂತರ

ವರ್ತಕರು ಮತ್ತು ಉದ್ಯಮಿಗಳು ಅನುಸರಿಸಬಹುದಾದ ಕೆಲವು ಕ್ರಮಗಳು ಇಂತಿವೆ:

1. ದರಪಟ್ಟಿ ಕೇಳುವಾಗ ಎಷ್ಟು ದಿನಗಳ ಸಂಗ್ರಹ ಎಂಬುದರ ಜೊತೆಗೆ ಐ-ಫ್ರೇಮ್ ಅಂತರ ಎಷ್ಟು, ಅದನ್ನು ಪ್ರತಿ ಕ್ಯಾಮೆರಾಕ್ಕೂ ಬೇರೆಯಾಗಿ ನಿಗದಿಪಡಿಸಬಹುದೇ ಎಂದು ಲಿಖಿತವಾಗಿ ಕೇಳಬೇಕು.

2. ‘ಸ್ಮಾರ್ಟ್’ ಸಂಕೋಚನವನ್ನು ಗೋದಾಮಿನಂತಹ ನಿಶ್ಚಲ ಸ್ಥಳಗಳಿಗೆ ಸೀಮಿತಗೊಳಿಸುವುದು ಒಳ್ಳೆಯದು.

3. ಹಣ ಪಾವತಿಸುವ ಮುನ್ನ ಪರೀಕ್ಷೆ ನಡೆಸಬೇಕು: ಹಿಂದಿನ ದಿನ ಗೊತ್ತಾದ ಹೊತ್ತಿನಲ್ಲಿ ಒಬ್ಬರು ಚೀಲವೊಂದನ್ನು ಸರಿಸಿರಲಿ, ಆ ಹೊತ್ತು ತಿಳಿಯದ ಇನ್ನೊಬ್ಬರು ಅದನ್ನು ಎಷ್ಟು ನಿಮಿಷದಲ್ಲಿ ಹುಡುಕುತ್ತಾರೆಂದು ನೋಡಬೇಕು.

4. ರೆಕಾರ್ಡರಿನ ಗಡಿಯಾರವನ್ನು ತಿಂಗಳಿಗೊಮ್ಮೆ ಸರಿಪಡಿಸಬೇಕು. ಬಿಲ್ಲಿನ ಸಮಯಕ್ಕೂ ಕ್ಯಾಮೆರಾದ ಸಮಯಕ್ಕೂ ಹತ್ತು ನಿಮಿಷ ವ್ಯತ್ಯಾಸವಿದ್ದರೆ ಎಲ್ಲ ಹುಡುಕಾಟವೂ ವ್ಯರ್ಥ.

5. ವಿವಾದ ಎದ್ದ ದಿನವೇ ಸಂಬಂಧಿಸಿದ ಅವಧಿಯನ್ನು ಅಳಿಸಿಹೋಗದಂತೆ ಲಾಕ್ ಮಾಡಿ, ಮೂಲ ರೂಪದಲ್ಲೇ ಪ್ರತಿ ತೆಗೆದು, ಹ್ಯಾಷ್ ಮೌಲ್ಯ ಬರೆದಿಡಬೇಕು.

6. ದಾಸ್ತಾನಿನ ಎಣಿಕೆ ಸಂಗ್ರಹದ ಅವಧಿಗಿಂತ ಮೊದಲೇ ನಡೆಯಬೇಕು. ಮೂವತ್ತು ದಿನಗಳ ದಾಖಲೆ ಇಟ್ಟುಕೊಂಡು ಮೂರು ತಿಂಗಳಿಗೊಮ್ಮೆ ಎಣಿಸುವವರಿಗೆ ಕ್ಯಾಮೆರಾ ನೆರವಾಗಲಾರದು.

ಕೊನೆಯ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಕ್ಯಾಮೆರಾ ಲೆಕ್ಕಪತ್ರಕ್ಕೆ ಬದಲಿಯಲ್ಲ, ಅದರ ಜೊತೆಗಾರ. ಕಿರ್ದಿ ಸರಿಯಿದ್ದವರಿಗೆ ಮಾತ್ರ ಯಾವ ದಿನ ಹುಡುಕಬೇಕೆಂಬುದು ತಿಳಿದಿರುತ್ತದೆ.

ಮೊದಲು ಹೇಳಿದ ಊಹಿತ ಹಮಾಲಿಯ ವಿಷಯಕ್ಕೆ ಮರಳಿದರೆ, ಅವನ ಹದಿನೈದು ಇಪ್ಪತ್ತು ವರ್ಷಗಳ ದುಡಿಮೆ ಮತ್ತು ಮಾಲೀಕನ ಮೂರು ಚೀಲ ಅಡಿಕೆ ಎರಡೂ ಹತ್ತು ನಿಮಿಷದ ಹುಡುಕಾಟವನ್ನು ಅವಲಂಬಿಸಿದ್ದವು. ಕ್ಯಾಮೆರಾವನ್ನು ಕಳ್ಳನನ್ನು ಹಿಡಿಯುವ ಸಾಧನವೆಂದಷ್ಟೇ ಭಾವಿಸುವುದು ರೂಢಿ. ನಿರಪರಾಧಿಯನ್ನು ಬಿಡಿಸುವುದೂ ಅದರ ಕೆಲಸವೇ. ಶೇಕಡಾ 14ರಷ್ಟು ಹೆಚ್ಚಿನ ಡಿಸ್ಕ್ ಸ್ಥಳವನ್ನು ವೆಚ್ಚದ ಕಲಮಿನಲ್ಲಿ ಬರೆಯುವಾಗ, ಎದುರಿನ ಕಲಮಿನಲ್ಲಿ ಇದನ್ನೂ ಬರೆದುಕೊಳ್ಳುವುದು ವಿವೇಕ.